ಎಡಗಡೆಯ ಅಂಚು

ಸೇತುವೆಯ ಬುಡದಲ್ಲಿದ್ದ ಟೈರ್ ಅಂಗಡಿಯವನ ನಿಜವಾದ ಹೆಸರು ಗಿರಾಕಿಗಳಲ್ಲಿ ಯಾರಿಗೂ ಗೊತ್ತಿರಲಿಲ್ಲ. ಯಾವಾಗ ನೋಡಿದರೂ ಕೈಯಲ್ಲೊಂದು ಚಕ್ರ ಹಿಡಿದಿರುತ್ತಿದ್ದುದರಿಂದ ಅವನು ಎಲ್ಲರ ಬಾಯಲ್ಲೂ ಚಕ್ರಪಾಣಿಯೇ. ಆ ಅಡ್ಡಹೆಸರು ಇಟ್ಟವಳು ಅವನ ಅಕ್ಕ. ಅವನಿಗೆ ಬೈಕ್ ಓಡಿಸಲು ಕಲಿಸಿದವಳೂ ಅವಳೇ.

ಸವಾರರ ತಂಡಗಳನ್ನು ದೂರದೂರಿಗೆ ಕರೆದೊಯ್ಯುವುದು ಅಕ್ಕನ ಕೆಲಸ. ಎರಡೂ ಬದಿಗೆ ಪೆಟ್ಟಿಗೆ ಕಟ್ಟಿದ ಭಾರೀ ಟೂರಿಂಗ್ ಬೈಕಿನಲ್ಲಿ ಮುಂದೆ ಅವಳು, ಹಿಂದೆ ಬಾತುಮರಿಗಳ ಹಾಗೆ ಉಳಿದವರು. ಬೆಟ್ಟದ ತಿರುವಿನಲ್ಲಿ ಅವಳು ಗಾಡಿ ವಾಲಿಸುವ ಚೆಂದ ನೋಡಲಿಕ್ಕೆಂದೇ ಕೆಲವರು ಬರುತ್ತಾರೆ ಎಂದು ಭಾವ ಹೆಮ್ಮೆಪಡುತ್ತಿದ್ದರು. ಸ್ವತಃ ಭಾವನಿಗೆ ಬೈಕ್ ಎಂದರೆ ಜೀವ ಬಾಯಿಗೆ ಬರುತ್ತಿತ್ತು. ಮನೆಯ ಕಿಟಕಿ ಪಕ್ಕ ಕೂತು ಗಡಿಯಾರ ರಿಪೇರಿ ಮಾಡುವ ಮನುಷ್ಯ ಅವರು.

ಒಂದು ಬೆಳಿಗ್ಗೆ ಅಕ್ಕ ಬಂದವಳು ಹೆಲ್ಮೆಟ್ ತೆಗೆಯುವ ಮೊದಲೇ ಶುರು ಮಾಡಿದಳು.

"ಲೋ, ಗಾಡಿ ನನ್ನ ಮಾತು ಕೇಳ್ತಿಲ್ಲ ಕಣೋ. ಎಡಕ್ಕೆ ತಿರುಗಿಸಿದ್ರೆ ಮೊಂಡು ಹಿಡಿಯುತ್ತೆ. ಸ್ವಲ್ಪ ಜಾಸ್ತಿ ವಾಲಿಸಿದ್ರೆ ದಬಕ್ಕಂತ ಬೀಳೋಕೆ ಬರುತ್ತೆ."

ಅವನು ಹಿಂದಿನ ಟೈರಿನ ಮೇಲೆ ಅಂಗೈ ಸವರಿ ನಕ್ಕ. "ಬೀಳದೆ ಇನ್ನೇನು ಮಾಡುತ್ತೆ? ಹೆದ್ದಾರೀಲಿ ನೇರ ಓಡಿಸಿ ಓಡಿಸಿ ನಡುಭಾಗ ಹಲಗೆ ಥರ ಆಗಿದೆ. ದುಂಡಗಿರಬೇಕಾದ್ದಕ್ಕೆ ಮೂಲೆ ಬಂದುಬಿಟ್ಟಿದೆ. ಆ ಮೂಲೆ ದಾಟೋವರೆಗೂ ಗಾಡಿ ವಾಲಲ್ಲ, ದಾಟಿದ ಮೇಲೆ ನಿಲ್ಲಲ್ಲ."

"ಹಾಗಾದ್ರೆ ತಪ್ಪು ನಂದಲ್ಲ."

"ನಿಂದು ಅಂತ ಯಾರಂದ್ರು?"

ಹಿಂದೆ ಮುಂದೆ ಎರಡೂ ಹೊಸ ಟೈರ್ ಹಾಕಿದ. ದೂರದ ಓಟಕ್ಕೆಂದೇ ಮಾಡಿದ್ದು: ನಡುವೆ ಬೇಗ ಸವೆಯದ ಗಟ್ಟಿ ರಬ್ಬರ್, ಅಂಚಿನಲ್ಲಿ ರಸ್ತೆ ಕಚ್ಚಿ ಹಿಡಿಯುವ ಮೆತ್ತನೆಯದು, ನೀರು ಹೊರಚೆಲ್ಲಲು ಆಳವಾದ ಗೀರುಗಳು. "ಹೊಸ ರಬ್ಬರ್ ಮೇಲೆ ನುಣುಪಿರುತ್ತೆ, ಸ್ವಲ್ಪ ದಿನ ಮೆಲ್ಲಗೆ ಹೋಗು," ಎಂದು ಕಳಿಸಿದ.

ವಾರ ಕಳೆಯುವುದರೊಳಗೆ ಅಕ್ಕ ಮತ್ತೆ ಬಾಗಿಲಲ್ಲಿ. ಎಡಕ್ಕೆ ಅದೇ ಕಾಟವಂತೆ.

ಈ ಸಲ ಅವನು ಇನ್ನೂ ಮೆತ್ತನೆಯ, ರಸ್ತೆಗೆ ತಾಗುವ ಮೈ ಚೂಪಾಗಿ ದುಂಡಾದ ಟೈರ್ ಹಾಕಿದ. ಅಂಥದ್ದು ಹಾಕಿದರೆ ಗಾಡಿ ಕಣ್ಣು ಹಾಯಿಸಿದ ಕಡೆ ತಿರುಗುತ್ತದೆ. ಅಕ್ಕನಿಗೆ ಅದರಿಂದ ಇನ್ನೂ ಭಯವಾಯಿತು. "ಇದರದ್ದು ಚಂಚಲ ಬುದ್ಧಿ, ಉಸಿರು ಬಿಟ್ಟರೂ ವಾಲುತ್ತೆ" ಎಂದಳು. ಅದನ್ನೂ ಬಿಚ್ಚಿ, ಪಕ್ಕದ ಗೋಡೆ ದಪ್ಪಗಿರುವ, ಭಾರಕ್ಕೆ ಬಳುಕದ, ನಿಧಾನ ಸ್ವಭಾವದ ಜೋಡಿ ಕೂರಿಸಿದ. ಆದರೂ ಎಡಗಡೆಯ ದೂರು ನಿಲ್ಲಲಿಲ್ಲ. ಪೆಟ್ಟಿಗೆಗಳ ತೂಕ ನೋಡಿ ಗಾಳಿ ಹೆಚ್ಚಿಸಿದ, ಇಳಿಸಿದ. ಬೇರಿಂಗ್ ನೋಡಿದ, ಹ್ಯಾಂಡಲ್ ನೋಡಿದ, ಎರಡೂ ಚಕ್ರ ಒಂದೇ ಗೆರೆಯಲ್ಲಿವೆಯೇ ಎಂದು ದಾರ ಹಿಡಿದು ನೋಡಿದ. ಕೊನೆಗೆ ತಾನೇ ಏರಿ ನದಿಯ ಉದ್ದಕ್ಕೂ ಓಡಿಸಿಕೊಂಡು ಬಂದ. ಗಾಡಿ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಹೋಯಿತು. ಎಡಕ್ಕೂ ಅಷ್ಟೇ, ಬಲಕ್ಕೂ ಅಷ್ಟೇ.

ಅಂಗಡಿಗೆ ಬಂದು, ಬಿಚ್ಚಿಟ್ಟಿದ್ದ ಟೈರುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದ. ಆಗ ಕಂಡಿತು. ಬಲಗಡೆ ರಬ್ಬರ್ ಅಂಚಿನವರೆಗೂ ಉಜ್ಜಿ ಒರಟಾಗಿತ್ತು. ಎಡಗಡೆ ಎರಡು ಬೆರಳಗಲದ ಪಟ್ಟಿ ಕಾರ್ಖಾನೆಯಿಂದ ಬಂದ ಹಾಗೇ ಮಿರಮಿರ ಮಿಂಚುತ್ತಿತ್ತು. ಹೊಸದಾಗಿ ಹಾಕಿ ಬಿಚ್ಚಿದ್ದ ಎಲ್ಲ ಟೈರುಗಳದ್ದೂ ಅದೇ ಕತೆ. ಗಾಡಿ ಎಡಕ್ಕೆ ವಾಲದೆ ಇದ್ದುದಲ್ಲ, ಅಕ್ಕನೇ ವಾಲಿಸುತ್ತಿರಲಿಲ್ಲ.

ಅವನು ಸ್ಟೂಲ್ ಎಳೆದು ಕೂತ. ಅಕ್ಕ ಕಳೆದ ಬಾರಿ ಸೈಡ್ ಸ್ಟ್ಯಾಂಡ್ ಹುಡುಕಲು ಕಾಲನ್ನು ಎರಡು ಮೂರು ಸಲ ಗಾಳಿಯಲ್ಲಿ ಆಡಿಸಿದ್ದು, ಕೀಲಿಕೈ ಕೊಡುವಾಗ ಅವನ ಅಂಗೈ ತಪ್ಪಿ ಪಕ್ಕಕ್ಕೆ ಕೊಟ್ಟದ್ದು, ಎಲ್ಲ ಕಣ್ಣಮುಂದೆ ಬಂತು.

ಮರುದಿನ ಅವನು ಒಂದು ಕೆಲಸ ಮಾಡಿದ. ಎರಡೂ ಚಕ್ರ ಬಿಚ್ಚಿ, ತೊಳೆದು, ಅವೇ ಟೈರುಗಳನ್ನು ಅವೇ ಜಾಗಕ್ಕೆ ಕೂರಿಸಿ, "ಹೊಸ ಮಾಲು ಹಾಕಿದ್ದೀನಿ, ನೋಡು" ಎಂದ. ಇನ್ನೂ ಹಾಗೇ ಇದೆ ಎಂದು ಅವಳು ಬಂದರೆ, ತೊಂದರೆ ಟೈರಿನದಲ್ಲ ಎಂದು ಮೆಲ್ಲಗೆ ಹೇಳೋಣ ಎಂದು ಅವನ ಲೆಕ್ಕ.

ಅಕ್ಕ ಒಂದು ಸುತ್ತು ಹಾಕಿಕೊಂಡು ಬಂದಳು. ಮುಖವೆಲ್ಲ ನಗು.

"ಇದು ಕಣೋ ಟೈರ್ ಅಂದ್ರೆ! ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ಯೋ? ಗಾಡಿ ಮತ್ತೆ ನನ್ನದಾಯ್ತು."

ಅವನು ಹಲ್ಲು ಕಿರಿದ. ಕೈ ಒರೆಸುವ ನೆವದಲ್ಲಿ ಬೆನ್ನು ತಿರುಗಿಸಿದ.

ಸಂಜೆ ಅಕ್ಕ ಇಲ್ಲದ ಹೊತ್ತು ನೋಡಿ ಭಾವನ ಬಳಿ ಹೋದ. ಅವರು ಭೂತಗಾಜು ಕಣ್ಣಿಗೆ ಸಿಕ್ಕಿಸಿಕೊಂಡು ಗಡಿಯಾರವೊಂದರ ಹೊಟ್ಟೆ ಬಗೆಯುತ್ತಿದ್ದರು. ಅವನು ಎಲ್ಲ ಹೇಳಿ ಮುಗಿಸುವವರೆಗೂ ತಲೆ ಎತ್ತಲಿಲ್ಲ.

"ನಂಗೊತ್ತು," ಎಂದರು ಕೊನೆಗೆ. "ಲೋಟ ಹಿಡಿದರೆ ತುಳುಕುತ್ತೆ. ಮೆಟ್ಟಿಲು ಇಳೀವಾಗ ಗೋಡೆ ಹಿಡೀತಾಳೆ."

"ಗೊತ್ತಿದ್ದೂ ಸುಮ್ನಿದ್ರಾ ಭಾವ?"

"ಟೈರ್‌ದೇ ತೊಂದರೆ ಅಂತ ಬಂದು ಹೇಳ್ತಿದ್ಲಲ್ಲಪ್ಪ. ಇರಬಹುದೇನೋ ಅಂದ್ಕೊಂಡೆ. ನನಗೇನು ಟೈರ್ ಗೊತ್ತಾ?" ಭೂತಗಾಜು ತೆಗೆದು ಕಣ್ಣುಜ್ಜಿಕೊಂಡರು. "ಗಾಡಿ ಬಿಡು ಅಂತ ನಾನು ಹೇಗೆ ಹೇಳ್ಲಿ? ನೀನು ಹೇಳ್ತೀಯಾ?"

ಅವನೂ ಹೇಳಲಿಲ್ಲ. ಮುಂದಿನ ಪ್ರವಾಸಕ್ಕೆ ತಾನೂ ಬರುತ್ತೇನೆಂದು ತನ್ನ ಹಳೇ ಬೈಕ್ ಹೊರಡಿಸಿದ, ಅಷ್ಟೇ. ಅಕ್ಕ ಖುಷಿಪಟ್ಟಳು. "ಅಂಗಡಿ ಬಿಟ್ಟು ಹೊರಗೆ ಬಂದ್ಯಲ್ಲ, ಸೂರ್ಯ ಎಲ್ಲಿ ಹುಟ್ಟಿದ ಇವತ್ತು?" ಎಂದು ರೇಗಿಸಿದಳು.

ಬೆಟ್ಟದ ರಸ್ತೆ ಒಣಗಿತ್ತು, ಬಿಸಿಲು ಹದವಾಗಿತ್ತು. ಅವನು ಅಕ್ಕನ ಬೆನ್ನಿಗೇ ಇದ್ದ. ಬಲ ತಿರುವುಗಳಲ್ಲಿ ಅವಳು ಮೊದಲಿನ ಹಾಗೇ ಸಲೀಸಾಗಿ ಸುಳಿದು ಹೋಗುತ್ತಿದ್ದಳು. ನೋಡುತ್ತಿದ್ದರೆ ಎಲ್ಲ ತನ್ನದೇ ಭ್ರಮೆಯೇನೋ ಅನ್ನಿಸುವಷ್ಟು. ಎಡ ತಿರುವು ಬಂದಾಗ ಮಾತ್ರ ಬೆನ್ನು ಸೆಟೆದುಕೊಳ್ಳುತ್ತಿತ್ತು. ಏರು ಮುಗಿಯುವಲ್ಲಿ ಎಡಕ್ಕೆ ಬಿಗಿಯಾಗಿ ಸುತ್ತುವ ತಿರುವೊಂದಿತ್ತು. ಅಕ್ಕನ ಗಾಡಿ ವಾಲಲೇ ಇಲ್ಲ. ನೆಟ್ಟಗೆ ನಡುಗೆರೆ ದಾಟಿ ಎದುರಿನ ಲಾರಿಯ ಮುಖಕ್ಕೇ ಹೋಯಿತು. ಲಾರಿಯವನು ಕೂಗು ಹಾಕುತ್ತ ಬ್ರೇಕ್ ಒತ್ತಿದ. ಬೈಕ್ ಅದರ ಬಂಪರಿಗೆ ಮಾರುದೂರದಲ್ಲಿ ನಿಂತು, ದಣಿದ ದನದಂತೆ ಮೆಲ್ಲಗೆ ಮಗ್ಗುಲಿಗೆ ಮಲಗಿತು.

ಅಕ್ಕನಿಗೆ ತರಚಿದ ಗಾಯ ಅಷ್ಟೇ. ಸವಾರರೆಲ್ಲ ಓಡಿ ಬಂದು ಸುತ್ತ ನೆರೆದರು.

"ಟೈರ್ ಜಾರ್ತು," ಎಂದಳು ಎಲ್ಲರಿಗೂ ಕೇಳುವ ಹಾಗೆ. "ಹೊಸದಲ್ವಾ, ಇನ್ನೂ ಹಿಡಿತ ಬಂದಿಲ್ಲ."

ರಸ್ತೆಯ ಮೇಲೆ ಜಾರಿದ ಗುರುತು ಒಂದೆಳೆಯೂ ಇರಲಿಲ್ಲ. ಅವರೆಲ್ಲ ಗಾಡಿ ಎತ್ತಲು ಹೋದಾಗ ಚಕ್ರಪಾಣಿ ಅವಳ ಪಕ್ಕ ನೆಲದಲ್ಲಿ ಕೂತ.

"ಅಕ್ಕ, ಅವು ಹೊಸವಲ್ಲ. ಹಳೇವನ್ನೇ ತೊಳೆದು ಹಾಕಿದ್ದೆ."

ಅವಳು ಅವನನ್ನೇ ನೋಡಿದಳು. ಅರ್ಥವಾಗಲು ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅಳಲಿಲ್ಲ, ಕೆನ್ನೆಗೆಂದು ಕೈ ಬೀಸಿದಳು. ಆ ಏಟೂ ಗುರಿ ತಪ್ಪಿ ಅವನ ಹೆಗಲಿಗೆ ಬಿತ್ತು. ತಪ್ಪಿದ ಕೈಯನ್ನು ಅವಳು ಮಡಿಲಲ್ಲಿ ಇಟ್ಟುಕೊಂಡು, ಯಾರದೋ ಕೈ ಎಂಬಂತೆ ನೋಡುತ್ತ ಕೂತಳು.

ಆಸ್ಪತ್ರೆಯಲ್ಲಿ ಗೆರೆಯ ಮೇಲೆ ನಡೆಸಿದರು, ಮೂಗು ಮುಟ್ಟಿಸಿದರು, ತಲೆಯ ಚಿತ್ರ ತೆಗೆದರು. ಮೈಯ ಸಮತೋಲ ಕಾಯುವ ಮೆದುಳಿನ ಭಾಗ ಕುಗ್ಗುತ್ತ ಬಂದಿದೆ, ಎಡಗಡೆ ಮೊದಲು ಹಿಡಿದಿದೆ, ಬಲಗಡೆಗೂ ಬರುತ್ತದೆ ಎಂದರು ಡಾಕ್ಟರಮ್ಮ.

"ಅದನ್ನ ಬದಲಾಯಿಸೋಕೆ ಬರಲ್ವಾ?" ಎಂದಳು ಅಕ್ಕ. ಯಾರೂ ನಗಲಿಲ್ಲ. ನಿಲ್ಲಿಸುವ ಮದ್ದೂ ಇಲ್ಲವೆಂದು ಡಾಕ್ಟರಮ್ಮ ಮೆಲ್ಲಗೆ ಹೇಳಿದರು.

ತಂಡದ ಮುಂದೆ ಬೇರೆ ಯಾರೋ ಹೋಗತೊಡಗಿದರು. ಗಾಡಿ ಯಾರಿಗೋ ಹೋಯಿತು. ಕೆಲವು ತಿಂಗಳು ಅಕ್ಕ ಅಂಗಡಿಗೆ ಬಂದು ಕೂರುತ್ತಿದ್ದಳು. ದೂರ ಹೋಗುವವರು ಯಾವ ಟೈರ್ ಎಂದು ಕೇಳಿದರೆ ಚಕ್ರಪಾಣಿಗಿಂತ ಮೊದಲು ಅವಳೇ ಉತ್ತರಿಸುತ್ತಿದ್ದಳು. ಆಮೇಲೆ ನಾಲಿಗೆ ತೊಡರತೊಡಗಿತು. ಗಿರಾಕಿಗಳು ಅವಳ ಮಾತು ಕೇಳಿ ಅವನ ಮುಖ ನೋಡುವರು. ಬೆಳಿಗ್ಗೆಯೇ ಕುಡಿದಿದ್ದಾಳೆಂದು ಒಬ್ಬ ಪಿಸುಗುಟ್ಟಿದ. ಅದು ಅವಳ ಕಿವಿಗೆ ಬಿತ್ತು. ಮರುದಿನದಿಂದ ಬರಲಿಲ್ಲ.

ಈಗ ಅವನೇ ಅಂಗಡಿ ಮುಚ್ಚಿ ಅವಳ ಮನೆಗೆ ಹೋಗುತ್ತಾನೆ. ಮೊನ್ನೆ ಹೋದಾಗ ಭಾವ ಅವಳಿಗೆ ಚಮಚದಲ್ಲಿ ಗಂಜಿ ಕುಡಿಸುತ್ತಿದ್ದರು. ಅಕ್ಕ ಚಮಚವನ್ನು ಪಕ್ಕಕ್ಕೆ ತಳ್ಳಿ ಅವನಿಗೆ ಏನೋ ಹೇಳಿದಳು. ಉದ್ದನೆಯ ಮಾತು. ಅವನ ತಲೆಗೆ ಒಂದು ಅಕ್ಷರವೂ ಹತ್ತಲಿಲ್ಲ. ಭಾವನ ಕಡೆ ನೋಡಿದ. ಭಾವ ಬಟ್ಟಲು ನೋಡುತ್ತಿದ್ದರು.

ಅಕ್ಕ ಉಸಿರು ಕೂಡಿಸಿಕೊಂಡು ಅದನ್ನೇ ಮತ್ತೆ ಹೇಳಿದಳು, ಇನ್ನೂ ನಿಧಾನವಾಗಿ.

"ಹೂಂ ಅಕ್ಕ," ಎಂದ ಅವನು. "ಹಾಗೇ ಮಾಡೋಣ."

ಅವನಿಗೆ ತಿಳಿದಿಲ್ಲವೆಂದು ಅವಳಿಗೆ ತಿಳಿಯಿತು. ಮತ್ತೊಮ್ಮೆ ಹೇಳಲು ತೆರೆದ ಬಾಯನ್ನು ಹಾಗೇ ಮುಚ್ಚಿಕೊಂಡು, ಗೋಡೆಯ ಕಡೆ ತಿರುಗಿದಳು.