ತೀರ್ಪಿಲ್ಲದ ಬಿಡುಗಡೆ

ನನ್ನ ತಮ್ಮ ಊರಿನ ನೀರು ಪರೀಕ್ಷೆ ಮಾಡುವ ಕೆಲಸದವನು. ನಲ್ಲಿಯಿಂದ ಸೀಸೆಯಲ್ಲಿ ನೀರು ಹಿಡಿದು, ಲ್ಯಾಬಿಗೆ ಒಯ್ದು, ಕುಡಿಯಬಹುದೋ ಇಲ್ಲವೋ ಎಂದು ಹೇಳುತ್ತಾನೆ. ನಾನು ಟೈಲರ್. ನನ್ನ ನಾಲಿಗೆ ನನ್ನ ಕತ್ತರಿಗಿಂತ ಹರಿತ ಎಂದು ಬೀದಿಯವರೆಲ್ಲ ಆಡಿಕೊಳ್ಳುತ್ತಾರೆ. ಅವನೋ, ಕೇಳಿದರೆ ಮಾತ್ರ ಬಾಯಿ ಬಿಡುವವನು. ಅಂಥವನನ್ನು ಸರ್ಕಾರ ‘ಜನರಲ್ಲಿ ಭೀತಿ ಹುಟ್ಟಿಸುವವನು’ ಎಂದು ಹಿಡಿದುಕೊಂಡು ಹೋಯಿತು. ನಗಬೇಕೋ ಅಳಬೇಕೋ ನೀವೇ ಹೇಳಿ.

ಆದದ್ದು ಇಷ್ಟೆ. ಹೊಸ ಪೈಪಿನ ನೀರು ಕುಡಿದ ಮಕ್ಕಳಿಗೆಲ್ಲ ವಾಂತಿ ಭೇದಿ. ನೀರಿಗೆ ಚರಂಡಿ ಸೇರುತ್ತಿದೆ ಎಂದು ಇವನು ಮೇಲಿನವರಿಗೆ ಹೇಳಿದ. ಸುಮ್ಮನಿರು ಎಂದರು. ಸುಮ್ಮನಿರಲಾರದೆ ಮನೆ ಮನೆ ಬಾಗಿಲು ತಟ್ಟಿ, ಕುದಿಸಿ ಕುಡಿಯಿರಿ ಎಂದ. ಮಾರನೆಯ ದಿನವೇ ಜೀಪು ಬಂತು. ಅವನನ್ನು ಹಿಡಿದ ಕಾನೂನಿಗೆ ವಿಚಾರಣೆ ಬೇಡ, ಸಾಕ್ಷಿ ಬೇಡ, ಒಬ್ಬ ಅಧಿಕಾರಿ ಸಹಿ ಹಾಕಿದ ಬಂಧನದ ಆದೇಶ ಸಾಕು.

ಈ ಕಾನೂನೇ ಸಂವಿಧಾನಕ್ಕೆ ವಿರುದ್ಧ ಎಂದು ನಮ್ಮ ವಕೀಲಮ್ಮ ದೊಡ್ಡ ಕೋರ್ಟಿಗೆ ಹೋದರು. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎನ್ನುವ ಗಾದೆ ನನಗೂ ಗೊತ್ತು. ಆದರೆ ತಮ್ಮನಿಗೆ ಆ ಕೋರ್ಟಿನ ಮೇಲೆ ಎಲ್ಲಿಲ್ಲದ ನಂಬಿಕೆ. ಕ್ಷಮೆ ಕೇಳಿ ಬರೆದುಕೊಟ್ಟರೆ ಬಿಡುತ್ತೇವೆ ಎಂದು ಜೈಲಿನವರು ಹೇಳಿದ್ದರು. ನೋಡಲು ಹೋದಾಗ ಜಾಲರಿಯ ಆಚೆಯಿಂದ ಅವನು, “ಬರೆದುಕೊಟ್ರೆ ನೀರು ಚೆನ್ನಾಗಿದೆ ಅಂತ ಒಪ್ಪಿಕೊಂಡ ಹಾಗಾಗುತ್ತೆ ಅಕ್ಕಾ. ನಾನು ಹೇಳಿದ್ದು ಸರಿ ಅಂತ ನ್ಯಾಯಾಧೀಶರು ಹೇಳಲಿ. ಆಮೇಲೆ ಬರ್ತೀನಿ” ಅಂದ. ಒಣಗಿ ಕಡ್ಡಿಯಾಗಿದ್ದ. ಹಟ ಮಾತ್ರ ಸೊರಗಿರಲಿಲ್ಲ.

ಸರ್ಕಾರಿ ವಕೀಲರು ಪ್ರತಿ ಸಲವೂ ಸಮಯ ಕೇಳಿದರು. ಕೊನೆಗೊಮ್ಮೆ ನ್ಯಾಯಾಧೀಶರಿಗೆ ರೇಗಿತು. “ಮುಂದಿನ ಸಲ ಈ ಆದೇಶಕ್ಕೆ ಕಾರಣ ಏನು ಅಂತ ಹೇಳ್ಬೇಕು. ಆ ನೀರಿನ ಪರೀಕ್ಷೆಯ ವರದಿಯನ್ನೂ ತರಬೇಕು” ಎಂದು ಗದರಿದರು. ಗೆದ್ದೆವು ಎಂದುಕೊಂಡು ಆವತ್ತು ಹೊಟ್ಟೆ ತುಂಬ ಉಂಡೆ.

ಮುಂದಿನ ಸಲ ಸರ್ಕಾರಿ ವಕೀಲರು ನಗುನಗುತ್ತ ಎದ್ದು ನಿಂತರು. ಆದೇಶ ವಾಪಸ್ ಪಡೆದಿದ್ದೇವೆ, ಬೆಳಿಗ್ಗೆಯೇ ಆತನನ್ನು ಬಿಟ್ಟಿದ್ದೇವೆ ಅಂದರು. ಹಾಗಾದರೆ ತೀರ್ಮಾನಿಸಲು ಇನ್ನೇನೂ ಉಳಿದಿಲ್ಲ ಎಂದರು ನ್ಯಾಯಾಧೀಶರು. ಕಾನೂನು ಇನ್ನೂ ಇದೆಯಲ್ಲ, ನಾಳೆ ಇನ್ನೊಬ್ಬರನ್ನು ಹಿಡಿದರೆ ಎಂದು ವಕೀಲಮ್ಮ ಗಂಟಲು ಹರಿದುಕೊಂಡರು. ಆಗ ಅವರು ಬರಲಿ, ನೋಡೋಣ ಎಂದರು ನ್ಯಾಯಾಧೀಶರು. ನನಗೆ ತಡೆಯಲಿಲ್ಲ, ನಾನು ಅವನ ಅಕ್ಕ ಎಂದು ಎದ್ದು ನಿಂತೆ.

“ನಿನ್ನ ತಮ್ಮ ಮನೆಗೆ ಬಂದನಲ್ಲಮ್ಮ, ಇನ್ನೇನು ಬೇಕು?” ನ್ಯಾಯಾಧೀಶರು ಮೆತ್ತಗೇ ಕೇಳಿದರು.

“ಅವನು ಹೇಳಿದ್ದು ಸರಿನಾ ತಪ್ಪಾ? ಅಷ್ಟು ಹೇಳಿಬಿಡಿ ಸ್ವಾಮಿ.”

ಕನ್ನಡಕ ತೆಗೆದರು. ಹೇಳಿಯೇಬಿಡುತ್ತಾರೆ ಎಂದುಕೊಂಡೆ. ಕನ್ನಡಕ ಒರೆಸಿಕೊಂಡರು, ಮುಂದಿನ ಕೇಸು ಕೂಗಿಸಿದರು.

“ಸೋಲ್ತೀವಿ ಅಂತ ಗೊತ್ತಾದ್ರೆ ಹೀಗೇ ಮಾಡ್ತಾರೆ” ಎಂದರು ಹೊರಗೆ ವಕೀಲಮ್ಮ. “ಆದೇಶ ವಾಪಸ್ ತಗೊಂಡ್ರೆ, ತಪ್ಪು ಅಂತ ಯಾರೂ ಹೇಳ್ಬೇಕಾಗಿಲ್ಲ ನೋಡಿ.” ಗಾಳಿ ಗುದ್ದಿ ಮೈ ನೋಯಿಸಿಕೊಂಡ ಹಾಗಾಯಿತು ನಮ್ಮ ಕಥೆ.

ಮನೆಯಲ್ಲಿ ತಮ್ಮ ನನ್ನ ಹೊಲಿಗೆ ಮೆಷಿನ್ನಿನ ಪಕ್ಕ ನೆಲದ ಮೇಲೆ ಕೂತಿದ್ದ. ಬಾಗಿಲಲ್ಲೇ ಕೇಳಿದ: “ನ್ಯಾಯಾಧೀಶರು ಏನಂದ್ರು?”

“ಏನೂ ಅನ್ನಲಿಲ್ಲ ಕಣೋ.”

“ಹಾಗಾದ್ರೆ ನನ್ನ ಪರೀಕ್ಷೆನೇ ತಪ್ಪಾಗಿತ್ತೇನೋ” ಅಂದ.

ಮಾರನೆಯ ದಿನ ಪಕ್ಕದ ಮನೆಯವಳು ಕೂಸನ್ನು ಸೊಂಟಕ್ಕೇರಿಸಿಕೊಂಡು ಬಂದಳು. “ಅಣ್ಣಾ, ನಲ್ಲಿ ನೀರು ಈಗ ಮಗೂಗೆ ಕೊಡಬಹುದಾ?”

ತಮ್ಮ ಬೀದಿಯ ಎರಡೂ ಕಡೆ ನೋಡಿದ. “ಚೆನ್ನಾಗಿದೆ ಅಂತ ಸರ್ಕಾರದವರು ಹೇಳ್ತಿದ್ದಾರಲ್ಲಮ್ಮ.”

ಪೈಪು ಹಾಗೇ ಇತ್ತು, ಒಬ್ಬರೂ ಮುಟ್ಟಿರಲಿಲ್ಲ. “ಕುದಿಸಿ ಕೊಡೇ!” ಎಂದು ನಾನು ಬೀದಿಗೆಲ್ಲ ಕೇಳುವಂತೆ ಕಿರುಚಿದೆ. “ಇನ್ನೂ ಚರಂಡಿ ಸೇರ್ತಿದೆ!”

ತಮ್ಮ ನನ್ನನ್ನು ಒಳಗೆ ಎಳೆದು ಬಾಗಿಲು ಹಾಕಿ ನನ್ನ ಬಾಯಿ ಮುಚ್ಚಿದ.

“ಮೆಲ್ಲಗೆ ಅಕ್ಕಾ” ಅಂದ. “ನಿನ್ನ ಕರ್ಕೊಂಡು ಹೋದ್ರೆ ಕೋರ್ಟಿಗೆ ಅಲೆಯೋ ಶಕ್ತಿ ನನಗಿಲ್ಲ.”