ಐದನೆಯ ಹೆಸರು

ಬೀಗದಣ್ಣ ಅಂಗಡಿಯವರು ಹೇಳಿದ ಬೆಲೆಗೆ ಯಾವತ್ತೂ ಏನನ್ನೂ ಕೊಂಡವನಲ್ಲ. ಒಂದು ಬಾಚಣಿಗೆ ಬೇಕಿದ್ದರೂ ಅಂಗಡಿಯ ಮೆಟ್ಟಿಲನ್ನು ಮೂರು ಸಲ ಇಳಿದು ಮೂರು ಸಲ ಹತ್ತುತ್ತಿದ್ದ. ಬೀಗ ರಿಪೇರಿ ಮಾಡುವುದು, ಕಳೆದುಹೋದ ಕೀ ಮಾಡಿಕೊಡುವುದು ಅವನ ಕಸುಬು. ಚೌಕಾಶಿ ಅವನ ಚಟ. ಇಂಥವರು ಮನೆಗೊಬ್ಬರು ಇರ್ತಾರೆ. ನಿಮ್ಮ ಮನೆಯಲ್ಲೂ ಇದ್ದಾರು, ನಗಬೇಡಿ.

ಅವನ ತಾಯಿ ಬಂದರಿನ ಪಕ್ಕದ ಲಾಂಡ್ರಿಯಲ್ಲಿ ಮೂವತ್ತೊಂದು ವರ್ಷ ದುಡಿದವಳು. ಪ್ರವಾಸದ ಹಡಗುಗಳ ಬೆಡ್‌ಶೀಟುಗಳನ್ನು ಒಗೆದು, ಇಸ್ತ್ರಿ ಮಾಡಿ, ಮಡಚಿ ಮೂಟೆ ಕಟ್ಟಿ ಕಳಿಸಿದವಳು. ಎಷ್ಟು ಸಾವಿರ ಶೀಟೋ, ಲೆಕ್ಕ ಇಟ್ಟವರಿಲ್ಲ. ಹಡಗು ಮಾತ್ರ ಒಂದು ದಿನವೂ ಹತ್ತಲಿಲ್ಲ. "ಬೇರೆಯವರು ಒಗೆದ ಶೀಟಿನ ಮೇಲೆ, ನೀರಿನ ಮೇಲೆ, ಎರಡು ರಾತ್ರಿ ಮಲಗಬೇಕು ಕಣೋ," ಎಂದು ಮಗನ ಹತ್ತಿರ ಒಂದೇ ಒಂದು ಸಲ ಹೇಳಿದ್ದಳು. ತನಗಾಗಿ ಏನನ್ನೂ ಕೇಳಿ ಅಭ್ಯಾಸವಿಲ್ಲದ ಹೆಂಗಸು. ಅವಳು ಕೇಳಿದ್ದೇ ಅವನ ಎದೆಗೆ ನಾಟಿತು. ಅಮ್ಮ, ಹೆಂಡತಿ, ಇಬ್ಬರು ಮಕ್ಕಳು, ತಾನು, ಒಟ್ಟು ಐದು ಜನ ಹಡಗಿನ ಪ್ರವಾಸಕ್ಕೆ ಹೋಗೋದು ಅಂತ ತೀರ್ಮಾನ ಮಾಡಿದ.

ಮಹಡಿ ಮನೆಯ ಹೆಂಗಸನ್ನು ಬೀದಿಯವರೆಲ್ಲ ಹಡಗಿನಕ್ಕ ಅನ್ನುತ್ತಿದ್ದರು. ಎಂಟು ವರ್ಷ ಹಡಗುಗಳಲ್ಲಿ ರೂಮು ಗುಡಿಸಿ ಹಾಸಿಗೆ ಹಾಸಿ ಬಂದವಳು. ಅವತ್ತು ಇನ್ನೊಂದು ಕೀ ಮಾಡಿಸಲು ಅಂಗಡಿಗೆ ಬಂದವಳಿಗೆ ಸುದ್ದಿ ತಿಳಿಯಿತು.

"ತಮ್ಮಾ, ದುಡ್ಡು ಕೊಡೋ ಮೊದಲು ಮೂರು ಕಡೆ ಕೇಳು," ಅಂದಳು. "ಹಡಗಿನ ಕಂಪನಿಯ ಸ್ವಂತ ಆಫೀಸಿನಲ್ಲೂ ಕೇಳು. ಅದೇ ಹಡಗು, ಅದೇ ತಾರೀಖು, ಅದೇ ಥರದ ರೂಮು. ಒಂದು ಕಡೆ ಕಿಟಕಿ ಇರೋ ರೂಮು, ಇನ್ನೊಂದು ಕಡೆ ಇಲ್ಲದ್ದು, ಹಾಗೆ ಹೋಲಿಸಬೇಡ."

"ಅಕ್ಕಾ, ನನಗೆ ವ್ಯಾಪಾರ ಹೇಳಿಕೊಡ್ತೀರಾ?" ಬೀಗದಣ್ಣ ಕೀ ಉಜ್ಜುತ್ತಾ ನಕ್ಕ.

"ನಿನಗೆ ಇಳಿಸೋದು ಗೊತ್ತು. ಯಾವುದನ್ನ ಇಳಿಸ್ತಿದ್ದೀಯ ಅನ್ನೋದು ಗೊತ್ತಾ? ಬೋರ್ಡಿನ ಮೇಲೆ ಬರೆದಿರೋದು ಬರೀ ಟಿಕೆಟ್ಟು. ಬಂದರಿನ ಶುಲ್ಕ, ತೆರಿಗೆ, ಕೆಲಸದವರ ಸೇವಾ ಶುಲ್ಕ ಎಲ್ಲ ಆಮೇಲೆ ಒಂದೊಂದಾಗಿ ಬರ್ತವೆ. ಎಲ್ಲ ಸೇರಿ ಕೊನೆಗೆ ಎಷ್ಟು, ಅದನ್ನ ಬರೆಸಿಕೋ. ರಜೆ ಶುರುವಾಗೋಕೆ ಒಂದು ವಾರ ಮೊದಲು ಹೋದ್ರೆ ಬೆಲೆ ಎಷ್ಟೋ ಸಲ ಕಡಿಮೆ ಇರುತ್ತೆ, ಅದನ್ನೂ ಕೇಳು. ಮತ್ತೆ, ನೀವು ಐದು ಜನ. ಒಂದು ರೂಮಲ್ಲಿ ನಾಲ್ಕು ಜನಕ್ಕಿಂತ ಹೆಚ್ಚು ಹಿಡಿಸೋದು ಅಪರೂಪ. ಐದನೆಯವರು ಎಲ್ಲಿ ಮಲಗ್ತಾರೆ?"

"ಆಗಲಿ, ಆಗಲಿ," ಅಂದ ಬೀಗದಣ್ಣ. ಕೀ ಕೊಟ್ಟ. ಆ ಮಾತನ್ನು ಅಲ್ಲೇ ಉದುರಿದ ಹಿತ್ತಾಳೆ ಪುಡಿಯ ಜೊತೆ ಗುಡಿಸಿ ಹಾಕಿದ.

ಮರುದಿನ ಪೇಟೆಯ ಪ್ರವಾಸದ ಏಜೆಂಟನ ಹತ್ತಿರ ಹೋದ. ಗಾಜಿನ ಪೆಟ್ಟಿಗೆಯಲ್ಲಿ ಒಂದು ಆಟಿಕೆ ಹಡಗು, ಗೋಡೆಯ ಮೇಲೆ ದಪ್ಪ ಅಕ್ಷರದ ಬೋರ್ಡು: ತಲೆಗೆ ಮೂವತ್ತಾರು ಸಾವಿರ. ಬೀಗದಣ್ಣನ ಕಣ್ಣು ಅರಳಿತು. ಎರಡು ಗಂಟೆ ಚೌಕಾಶಿ ನಡೆಯಿತು. ಎರಡು ಸಲ ಎದ್ದು ಬಾಗಿಲವರೆಗೆ ಹೋದ, ಎರಡು ಸಲವೂ ಏಜೆಂಟ್ ಕೈ ಹಿಡಿದು ಕೂರಿಸಿದ. ಕೊನೆಗೆ ತಲೆಗೆ ಇಪ್ಪತ್ತನಾಲ್ಕು ಸಾವಿರಕ್ಕೆ ಇಳಿಯಿತು.

"ಅಣ್ಣಾ, ನಿಮ್ಮಂಥವರು ದಿನಾ ಇಬ್ಬರು ಬಂದ್ರೆ ನಾನು ಅಂಗಡಿ ಮುಚ್ಚಬೇಕು," ಎಂದು ಏಜೆಂಟ್ ಹಣೆ ಒರೆಸಿಕೊಂಡ. ಮೂಗಿಗೆ ತುಪ್ಪ ಸವರುವುದು ಅಂದರೆ ಇದೇ. ಬೀಗದಣ್ಣನಿಗೆ ಆ ಪರಿಮಳದಲ್ಲಿ ಬೇರೇನೂ ತಿಳಿಯಲಿಲ್ಲ. ರೂಮಿಗೆ ನಾಲ್ಕೇ ಜನವಾದರೆ ಅಮ್ಮ ಎಲ್ಲಿ ಎಂದು ಕೇಳಿದ್ದಕ್ಕೆ ಏಜೆಂಟ್, "ಅಜ್ಜಿಗೇನಣ್ಣ, ಬಂದರಲ್ಲಿ ಹೇಳಿ ಒಂದು ಮಂಚ ಹಾಕಿಸೋಣ. ನಾನಿಲ್ವಾ?" ಅಂದ.

ದುಡ್ಡು ಕಟ್ಟಿ ತಂದ ಚೀಟಿಯನ್ನು ಮನೆಯಲ್ಲಿ ಹೆಂಡತಿ ಎರಡು ಸಲ ಓದಿದಳು.

"ರೀ, ಇದರಲ್ಲಿ ನಾಲ್ಕೇ ಹೆಸರಿದೆ. ಅತ್ತೆ ಹೆಸರಿಲ್ಲ. ಕೆಳಗೆ 'ಐದನೆಯವರಿಗೆ ಜಾಗ ಇದ್ದರೆ' ಅಂತ ಬರೆದಿದ್ದಾರೆ."

"ಬಾಯಲ್ಲಿ ಹೇಳಿದ್ದಾನೆ ಕಣೇ."

"ಬಾಯನ್ನ ಬಂದರಿಗೆ ತಗೊಂಡು ಹೋಗ್ತೀರಾ?"

"ತಲೆಗೆ ಹನ್ನೆರಡು ಸಾವಿರ ಇಳಿಸಿದ್ದೀನಿ. ಅದು ಕಾಣಲ್ಲ ನಿನಗೆ."

ಅವಳು ಚೀಟಿ ಮಡಚಿ ಅವನ ಕೈಗೆ ಕೊಟ್ಟಳು. ಈ ಮನೆಯಲ್ಲಿ ಬೆಲೆಯ ವಿಷಯದಲ್ಲಿ ಅವಳ ಮಾತು ನಡೆದದ್ದು ಯಾವಾಗ?

ಹೊರಡುವ ದಿನ ಅಮ್ಮ ಬೆಳಿಗ್ಗೆಯೇ ಸಿದ್ಧಳಾಗಿ ಕುರ್ಚಿಯಲ್ಲಿ ಕೂತಿದ್ದಳು. ಹೊಸ ಚಪ್ಪಲಿ, ಮಡಿಲಲ್ಲಿ ಪುಟ್ಟ ಚೀಲ. ಬೀಳ್ಕೊಡಲು ಹಡಗಿನಕ್ಕನೂ ಮಕ್ಕಳ ಬ್ಯಾಗು ಹಿಡಿದು ಬಂದರಿಗೆ ಬಂದಳು. ಎದುರಿಗೆ ಹಡಗು ಬೆಳ್ಳಗೆ, ಮಹಡಿಯ ಮೇಲೆ ಮಹಡಿಯಾಗಿ ನಿಂತಿತ್ತು. "ಇಷ್ಟು ದೊಡ್ಡದಾ? ಅದಕ್ಕೇ ಮೂಟೆ ಮುಗೀತಾನೇ ಇರ್ಲಿಲ್ಲ," ಎಂದು ಅಮ್ಮ ನಕ್ಕಳು.

ಟಿಕೆಟ್ ಕಿಟಕಿಯ ಹಿಂದಿನ ಹುಡುಗಿ ಚೀಟಿ ನೋಡಿದಳು. "ಬಂದರಿನ ಶುಲ್ಕ, ತೆರಿಗೆ, ಸೇವಾ ಶುಲ್ಕ ಕಟ್ಟಿಲ್ಲ. ತಲೆಗೆ ಆರು ಸಾವಿರ. ನಾಲ್ಕು ಜನಕ್ಕೆ ಇಪ್ಪತ್ತನಾಲ್ಕು."

"ಎಲ್ಲ ಸೇರಿದೆಯಲ್ಲ."

"ಎಲ್ಲಿ ಬರೆದಿದೆ ತೋರಿಸಿ ಸಾರ್."

ಬರೆದಿರಲಿಲ್ಲ. ಏಜೆಂಟನಿಗೆ ಫೋನು ಮಾಡಿದ. ರಿಂಗಾಯಿತು, ರಿಂಗಾಯಿತು, ನಿಂತಿತು. ಬೇರೆ ದಾರಿಯಿಲ್ಲದೆ ದುಡ್ಡು ಕಟ್ಟಿದ. ಆಮೇಲೆ ಅಮ್ಮನ ಮಂಚದ ಮಾತು ತೆಗೆದ.

"ಈ ರೂಮು ನಾಲ್ಕು ಜನಕ್ಕೆ ಮಾತ್ರ. ಮಂಚ ಹಾಕೋ ಹಾಗಿಲ್ಲ. ಬೇರೆ ರೂಮು ಒಂದಿದೆ. ಒಬ್ಬರೇ ಇದ್ದರೂ ಇಬ್ಬರ ಬೆಲೆ. ಎಪ್ಪತ್ತೆರಡು ಸಾವಿರ."

"ಹಾಗಾದ್ರೆ ನಾನು ಇಲ್ಲೇ ಇರ್ತೀನಿ. ನನ್ನ ಜಾಗದಲ್ಲಿ ಅಮ್ಮನ ಹೆಸರು ಹಾಕಿ."

"ಹೊರಡೋ ದಿನ ಹೆಸರು ಬದಲಾಯಿಸೋಕೆ ಆಗಲ್ಲ ಸಾರ್."

ಪಕ್ಕದ ಕಿಟಕಿಯಲ್ಲಿ ಒಬ್ಬ ಬಸ್ ಡ್ರೈವರ್ ಇದ್ದ. ಹೆಂಡತಿ, ಇಬ್ಬರು ಮಕ್ಕಳು, ಅತ್ತೆ. ಇವರ ಹಾಗೇ ಐದು ಜನ. ಬೀಗದಣ್ಣನಿಗೆ ತಡೆಯಲಾಗಲಿಲ್ಲ, ನಿಮಗೆಷ್ಟಾಯ್ತು ಎಂದು ಕೇಳಿದ.

"ಎರಡು ರೂಮು, ಎಲ್ಲ ಸೇರಿ ಒಂದು ಲಕ್ಷದ ಐದು ಸಾವಿರ," ಅಂದ ಡ್ರೈವರ್. "ನಾಲ್ಕು ತಿಂಗಳ ಹಿಂದೆ ಕಂಪನಿ ಆಫೀಸಿನಲ್ಲೇ ಬುಕ್ ಮಾಡಿದ್ವಿ. ಒಂದೇ ರೂಮಲ್ಲಿ ಮೂರನೆಯವರಿಗೆ, ನಾಲ್ಕನೆಯವರಿಗೆ ಅರ್ಧ ಬೆಲೆ ಅಂತಿತ್ತು. ನನಗೆ ಚೌಕಾಶಿ ಎಲ್ಲ ಬರಲ್ಲಪ್ಪ."

ಬೀಗದಣ್ಣ ನಾಲ್ಕು ಜನಕ್ಕೆ ಕೊಟ್ಟದ್ದು ಒಂದು ಲಕ್ಷದ ಇಪ್ಪತ್ತು ಸಾವಿರ. ಮೂವತ್ತಾರು ಅನ್ನುವ ಬೆಲೆಯನ್ನು ಬರೆದದ್ದೇ ಇಳಿಸಲಿಕ್ಕೆ ಅಂತ ಅವನಿಗೆ ಈಗ ಹೊಳೆಯಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ನಾಚಿಕೆಯಿಂದ ಮುಖ ಬಿಸಿಯಾಯಿತು. ನಾಚಿಕೆಯಾದವನು ಸುಮ್ಮನಾದರೂ ಇರಬಾರದಿತ್ತೇ? ಚಟ ಬಿಡಬೇಕಲ್ಲ. ಕಿಟಕಿಗೆ ಬಗ್ಗಿದ.

"ನೋಡಮ್ಮ, ವಯಸ್ಸಾದವರು. ಊಟ ಕಡಿಮೆ, ಒಂದು ಮೂಲೆ ಸಾಕು. ಮೂವತ್ತು ಮಾಡ್ಕೋ."

"ಆಗಲ್ಲ ಸಾರ್."

"ಹೋಗಲಿ, ಮೂವತ್ತೈದು. ಇರೋದೇ ಇಷ್ಟು ತೂಕ. ಯಾರಿಗೂ ತೊಂದರೆ ಇಲ್ಲ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅಮ್ಮ ಮಗನ ತೋಳು ಹಿಡಿದು ಎಳೆದಳು.

"ಸಾಕು ಬಿಡೋ. ಇಷ್ಟು ಜನರ ಮುಂದೆ ನನಗೆ ಬೆಲೆ ಕಟ್ಟಬೇಡ."

ಅವನು ತಿರುಗಿ ನೋಡಿದ. ಅಮ್ಮ ಅಳುತ್ತಿರಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು.

"ಎಲ್ಲರೂ ಮನೆಗೆ ಹೋಗೋಣ," ಅಂದಳು ಹೆಂಡತಿ. ಅಮ್ಮ ಕೇಳಲಿಲ್ಲ. "ಅಷ್ಟು ದುಡ್ಡು ನೀರಿಗೆ ಹಾಕ್ತೀರಾ? ಮಕ್ಕಳ ಮುಖ ನೋಡು. ಹೋಗಿ ಬನ್ನಿ," ಎಂದು ಗದರಿಸಿ ಕಳಿಸಿದಳು. ಹಡಗಿನಕ್ಕ ಅವಳ ಕೈ ಹಿಡಿದುಕೊಂಡಳು. ನಾನು ಹೇಳಿರಲಿಲ್ವಾ ಎಂಬ ಮಾತು ಅವಳ ಬಾಯಿಂದ ಬರಲಿಲ್ಲ. ಬಂದಿದ್ದರೆ ಬೀಗದಣ್ಣ ಅವಳ ಮೇಲಾದರೂ ಸಿಟ್ಟು ಮಾಡಿಕೊಳ್ಳಬಹುದಿತ್ತು.

ಹಡಗಿನ ರೂಮಿನಲ್ಲಿ ಬಿಳಿ ಶೀಟು ಬಿಗಿಯಾಗಿ ಹಾಸಿತ್ತು. ಮೂಲೆಗಳನ್ನು ಅಮ್ಮ ಮನೆಯಲ್ಲಿ ಮಡಚುವ ಹಾಗೆಯೇ ಮಡಚಿದ್ದರು. "ಅಜ್ಜಿ ಬಂದಿದ್ರೆ ಎಲ್ಲಿ ಮಲಗ್ತಿದ್ರು ಅಪ್ಪಾ?" ಎಂದು ಸಣ್ಣವಳು ಕೇಳಿದಳು. ದುಡ್ಡು ಕೊಡುವ ಮೊದಲು ಹಡಗಿನಕ್ಕ ಕೇಳಿದ್ದೂ ಅದನ್ನೇ. ಎರಡು ದಿನವೂ ಅವನು ಆ ಹಾಸಿಗೆಯ ಮೇಲೆ ಕೂರಲಿಲ್ಲ, ಕುರ್ಚಿಯಲ್ಲೇ ಕಳೆದ.

ಮುಂದಿನ ವರ್ಷ ಬೀಗದಣ್ಣ ಬದಲಾಗಿದ್ದ. ಹೆಂಡತಿಯನ್ನೂ ಹಡಗಿನಕ್ಕನನ್ನೂ ಜೊತೆಗೆ ಕೂರಿಸಿಕೊಂಡು, ಐದು ತಿಂಗಳ ಮೊದಲೇ ಮೂರು ಕಡೆ ಕೇಳಿದ. ಎಲ್ಲ ಸೇರಿದ ಬೆಲೆ ಬರೆಸಿಕೊಂಡ. ಯಾವ ತಾರೀಖಿನ ಒಳಗೆ ಬೇಡ ಅಂದರೆ ಪೂರ್ತಿ ದುಡ್ಡು ವಾಪಸ್, ಬುಕ್ ಮಾಡಿದ ಮೇಲೆ ಬೆಲೆ ಇಳಿದರೆ ನಮಗೂ ಇಳಿಸ್ತೀರಾ, ಎಲ್ಲ ಕೇಳಿದ. ರಜೆಗೆ ಒಂದು ವಾರ ಮೊದಲಿನ ಹಡಗು, ಎರಡು ರೂಮು, ಐದು ಹೆಸರು, ತೊಂಬತ್ತೆಂಟು ಸಾವಿರ. ಮೊದಲ ಹೆಸರು ಅಮ್ಮನದು. ಹೆಂಡತಿ ಚೀಟಿ ಓದಿ, "ಈಗ ಸರಿಯಾಗಿದೆ ರೀ," ಅಂದಳು.

ಅಮ್ಮನಿಗೆ ತೋರಿಸಿದ. ಅವಳು ಚೀಟಿಯ ಮೇಲೆ ಬೆರಳಾಡಿಸಿ ವಾಪಸ್ ಕೊಟ್ಟಳು.

"ನೀವು ಹೋಗಿ ಬನ್ನಿ ಮಗಾ. ನನಗೆ ಬೇಡ."

"ಯಾಕಮ್ಮಾ? ಮೊಣಕಾಲು ನೋವಾ?"

"ಕಾಲು ಚೆನ್ನಾಗೇ ಇದೆ. ಅವತ್ತು ಆ ಕಿಟಕಿ ಹತ್ರ ನಿಂತಾಗ ಆಸೆ ಮುಗೀತು ಕಣೋ. ಮತ್ತೆ ಹುಟ್ಟಲಿಲ್ಲ. ನಾನೇನು ಮಾಡಲಿ?"

ಎಷ್ಟು ಬೇಡಿಕೊಂಡರೂ ಅವಳು ಒಪ್ಪಲಿಲ್ಲ. ತಾರೀಖು ಮೀರುವ ಮೊದಲೇ ಬೀಗದಣ್ಣ ಎಲ್ಲರ ಟಿಕೆಟ್ಟನ್ನೂ ರದ್ದು ಮಾಡಿಸಿದ. ದುಡ್ಡು ಪೂರ್ತಿ ವಾಪಸ್ ಬಂತು, ಒಂದು ಕಾಸೂ ಮುರಿದುಕೊಳ್ಳಲಿಲ್ಲ. ಅಷ್ಟು ಅಚ್ಚುಕಟ್ಟಾದ ವ್ಯವಹಾರ ಅವನು ಜೀವನದಲ್ಲಿ ಮಾಡಿದ್ದು ಅದೊಂದೇ.

ಈಗ ಅವನ ಅಂಗಡಿಯ ಗೋಡೆಯಲ್ಲಿ, ಕೀಗಳು ನೇತಾಡುವ ಮೊಳೆಯ ಪಕ್ಕ, ಒಂದು ಹಾಳೆ ಇದೆ. ಹಡಗಿನಕ್ಕ ಹೇಳಿದ್ದನ್ನು ಹೆಂಡತಿಯ ಕೈಯಲ್ಲಿ ಬರೆಸಿದ್ದಾನೆ. ಕೀ ಮಾಡಿಸಲು ಬಂದವರಿಗೆಲ್ಲ ತೋರಿಸುತ್ತಾನೆ. ತನ್ನ ಕಥೆಯನ್ನೂ ಬಿಡದೆ ಹೇಳುತ್ತಾನೆ.

ಓದುವವರೇ, ಕೇಳುವವರೇ, ನೀವೂ ಮನೆಮಂದಿಯನ್ನು ಕಟ್ಟಿಕೊಂಡು ಹಡಗು ಹತ್ತಬೇಕು ಅಂತಿದ್ದರೆ ಮೂರು ಕಡೆ ಕೇಳಿ. ಬೇಗ ಕೇಳಿ. ಒಂದೇ ಥರದ ರೂಮನ್ನು ಹೋಲಿಸಿ. ಎಷ್ಟು ಇಳಿಸಿದ್ರಿ ಅನ್ನೋದು ಬೇಡ, ಎಲ್ಲ ಸೇರಿ ಎಷ್ಟು ಕೊಡ್ತೀರಿ ಅನ್ನೋದನ್ನ ನೋಡಿ. ಬಾಯಿಮಾತನ್ನು ಬಾಯಲ್ಲೇ ಬಿಟ್ಟು, ಬರೆದುಕೊಟ್ಟದ್ದನ್ನು ಮಾತ್ರ ನಂಬಿ. ಕೊನೆಗೆ ಚೀಟಿ ಕೈಯಲ್ಲಿ ಹಿಡಿದು ಮನೆಯೊಳಗೆ ಒಂದು ಸುತ್ತು ಹಾಕಿ. ಮನೆಯಲ್ಲಿ ಎಷ್ಟು ತಲೆ, ಚೀಟಿಯಲ್ಲಿ ಎಷ್ಟು ಹೆಸರು, ಎಣಿಸಿ. ಎರಡೂ ಸರಿಹೋಗುವ ತನಕ ಜೇಬಿನಿಂದ ಕೈ ತೆಗೆಯಬೇಡಿ.