ಬೋಣಿಗೆ ಮುಂಚಿನ ವೈಫೈ

ಹಳೇಬೀಡಿನ ದೇವಸ್ಥಾನದ ಎದುರಿಗಿರುವ ಕಾಳಯ್ಯನ ಕಾಫಿ ಹೋಟೆಲಿಗೆ ೨೦೦೮ರ ಚಳಿಗಾಲದಲ್ಲಿ ಹೊಸ ಬೋರ್ಡು ಬಂತು. ‘ವೈಫೈ ಉಚಿತ’ ಎಂದು ಕನ್ನಡದಲ್ಲಿ ಸಣ್ಣದಾಗಿ, ಇಂಗ್ಲಿಷಿನಲ್ಲಿ ದಪ್ಪಗೆ. ಬರೆಸಿದವಳು ಮಗಳು ಮಂಜುಶ್ರೀ, ಹಾಸನದಲ್ಲಿ ಬಿ.ಕಾಂ. ಮುಗಿಸಿ ಬಂದವಳು.

ಗಲ್ಲಾದ ಮೇಲೆ, ಬುದ್ಧನ ಪಟದ ಪಕ್ಕ, ಎರಡು ಕೊಂಬಿನ ಬಿಳಿ ಡಬ್ಬಿಯೊಂದು ಬಂದು ಕೂತಿತು. ಕಾಳಯ್ಯ ಅದಕ್ಕೆ ಬಸವ ಎಂದು ಹೆಸರಿಟ್ಟ.

“ಕೊಂಬೇನೋ ಐತೆ. ಹೊಲ ಉಳಲ್ಲ, ಗಾಡಿ ಎಳೆಯಲ್ಲ. ಮೇಯೋದು ಮಾತ್ರ ಕರೆಂಟು!”

“ಒಂದು ತಿಂಗಳು ನೋಡಪ್ಪ. ಗಿರಾಕಿ ಹೇಗೆ ಬರ್ತಾರೆ ಅಂತ.”

“ಒಂದೇ ತಿಂಗಳು. ಆಮೇಲೆ ಕಿತ್ತಾಕ್ತೀನಿ.”

ಆ ತಿಂಗಳು ಮುಗಿಯುತ್ತಾ ಬಂದಾಗ ಸ್ವಾಮಿ ಸಿಡಿಮಿಡಿಗುಟ್ಟುತ್ತ ಬಂದ. ಅರಸೀಕೆರೆ ಸ್ಟೇಷನ್ನಿನಲ್ಲಿ ಇಳಿದ ಪ್ರವಾಸಿಗರನ್ನು ತನ್ನ ಸುಮೋದಲ್ಲಿ ತುಂಬಿಕೊಂಡು ಹಳೇಬೀಡು, ಬೇಲೂರು ತೋರಿಸುವವನು ಅವನು.

“ಏನಮ್ಮಾ ಮಂಜು, ನಿನ್ ನೆಟ್ಟು ನೆಟ್ಟಗಿಲ್ವಲ್ಲ! ಬೆಳಿಗ್ಗೆ ಬೆಳಿಗ್ಗೆ ಬೋರ್ಡು ತೋರ್ಸಿ ಇಳುಸ್ತೀನಿ. ಲ್ಯಾಪ್‌ಟಾಪ್ ಬಿಚ್ತಾರೆ, ಸಿಗ್ನಲ್ ಸಿಗಲ್ಲ, ಮುಚ್ಕೊಂಡು ಎದ್ದೋಯ್ತಾರೆ. ಒಂದು ಕಾಫಿನೂ ಕುಡಿಯಲ್ಲ.”

“ನಾನು ಬಂದಾಗೆಲ್ಲ ಚೆನ್ನಾಗೇ ಬರುತ್ತಲ್ಲ ಸ್ವಾಮಣ್ಣ!”

“ನೀನು ಇಡ್ಲಿ ಹೊತ್ಕೊಂಡು ಬರೋದೇ ಎಂಟೂವರೆಗೆ. ನಾಳೆ ಇನ್ನೊಂದು ಪಾರ್ಟಿ ತತ್ತೀನಿ. ಅವ್ರೂ ಹಿಂಗೇ ಎದ್ದೋದ್ರೆ ಇನ್ಮೇಲೆ ಕಾಫಿ ಬೇಲೂರಲ್ಲೇ, ಹೇಳಿದೀನಿ.”

ಮಂಜುಶ್ರೀ ಫೋನಿನ ಲೈನ್‌ಮನ್‌ನನ್ನು ಕರೆಸಿದಳು. ಲೈನು ಸರಿಯಿತ್ತು. ವೈರನ್ನು ಕೋತಿ ಕಚ್ಚಿದೆಯೇ ಎಂದು ಹೆಂಚಿನವರೆಗೂ ಹತ್ತಿ ನೋಡಿದಳು. ಕಚ್ಚಿರಲಿಲ್ಲ. ಹಾಗಾದರೆ ಬಸವ ಬೆಳಿಗ್ಗೆ ಯಾಕೆ ಏಳುವುದಿಲ್ಲ? ನೋಡಿಯೇ ತೀರುತ್ತೇನೆಂದು ಮರುದಿನ ಅಪ್ಪನ ಹಿಂದೆಯೇ ಹೊರಟು ಬಂದಳು.

ಕಾಳಯ್ಯ ಕಸ ಗುಡಿಸಿದ, ನೀರು ತುಂಬಿದ, ಊದುಬತ್ತಿ ಹಚ್ಚಿ ಬುದ್ಧನಿಗೆ ಕೈಮುಗಿದ, ಒಲೆ ಹಚ್ಚಿ ಹಾಲಿಟ್ಟ. ಬಸವನ ಕಡೆ ತಿರುಗಿಯೂ ನೋಡಲಿಲ್ಲ. ಅದರ ಸ್ವಿಚ್ಚು ಆಫ್ ಆಗಿಯೇ ಇತ್ತು. ಮಂಜುಶ್ರೀ ಕೈ ಚಾಚಿದಳು.

“ಏಯ್, ಮುಟ್ಬೇಡ! ಇನ್ನೂ ಬೋಣಿ ಆಗಿಲ್ಲ.”

“ಏನಂದೆ?”

“ಮೊದಲ್ನೇ ಗಿರಾಕಿ ಕಾಸು ಗಲ್ಲಾಕ್ಕೆ ಬೀಳೋಕ್ ಮುಂಚೆ ಪುಕ್ಸಟ್ಟೆ ಏನೂ ಹೊರಗೆ ಹೋಗ್ಬಾರ್ದು. ಬೋಣಿ ಆಗ್ಲಿ, ನಾನೇ ಹಾಕ್ತೀನಿ. ದಿನಾ ಹಂಗೇ ಮಾಡ್ತಿರೋದು.”

ಮಂಜುಶ್ರೀ ತಲೆ ಮೇಲೆ ಕೈ ಹೊತ್ತುಕೊಂಡಳು. ಊರಿನವರು ಬಸ್ ಸ್ಟ್ಯಾಂಡಿನಲ್ಲೇ ಕಾಫಿ ಕುಡಿದು ಎಂಟರ ಮೇಲೆ ಇಲ್ಲಿಗೆ ಬರುವವರು. ಅದಕ್ಕೂ ಮುಂಚೆ ಬೋಣಿ ಆದರೆ ಪ್ರವಾಸಿಗರಿಂದಲೇ ಆಗಬೇಕು. ಬೋಣಿ ಆಗದೆ ವೈಫೈ ಇಲ್ಲ, ವೈಫೈ ಇಲ್ಲದೆ ಅವರು ಕೂರುವುದಿಲ್ಲ.

“ತಗೋ, ನಾನೇ ಬೋಣಿ ಮಾಡ್ತೀನಿ. ಒಂದು ಕಾಫಿ ಕೊಡು.”

“ಮನೆ ಮಗಳ ಕಾಸು ಬೋಣಿ ಅಲ್ಲ ಕಣೇ.”

ಹೊರಗೆ ಸುಮೋ ಬಂದು ನಿಂತ ಸದ್ದಾಯಿತು. ಕಾಲೇಜಿನಲ್ಲಿ ಪ್ರಿನ್ಸಿಪಾಲರ ದನಿಯನ್ನೇ ಅನುಕರಿಸಿ ಎರಡು ಕ್ಲಾಸುಗಳಿಗೆ ರಜೆ ಕೊಟ್ಟಿದ್ದ ಹುಡುಗಿ ಅವಳು. ಅಪ್ಪನ ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು, ಹೊಟ್ಟೆ ಮುಂದೆ ಮಾಡಿ, ಅವನದೇ ಗೊಗ್ಗರು ದನಿಯಲ್ಲಿ ಖಾಲಿ ಬೆಂಚಿನ ಕಡೆ ತಿರುಗಿ ಶುರುಮಾಡಿದಳು:

“ಬನ್ನಿ ಸಾಮೀ, ಕೂತ್ಕಳಿ ಸಾಮೀ. ಏನ್ ಕೊಡ್ಲಿ? ಕಾಫಿನಾ, ಟೀನಾ?”

ನಗಲು ಹೊರಟ ಕಾಳಯ್ಯನ ಮುಖ ಗಂಟಿಕ್ಕಿತು. “ನಾನು ಹಂಗೆ ಕೇಳ್ತೀನೇನೇ? ನೀರಿಡ್ದೆ? ಮೊದ್ಲು ನೀರು!”

“ಬೋಣಿ ಆಗಿಲ್ವಲ್ಲಪ್ಪ. ನೀರು ಪುಕ್ಸಟ್ಟೆ.”

“ನೀರಿಗೆಂಥ ಬೋಣಿನೇ!” ಎಂದವನು ಅಲ್ಲಿಗೇ ನಿಂತ.

ಹುಡುಗನಾಗಿದ್ದಾಗ ಯಾವುದೋ ಊರಿನ ಹೋಟೆಲಿನ ಹೊರಗೆ ನಿಂತು, ಮೇಲಿನಿಂದ ಹೊಯ್ದ ನೀರನ್ನು ಬೊಗಸೆಯಲ್ಲಿ ಕುಡಿದವನು ಕಾಳಯ್ಯ. ಅದಕ್ಕೇ ಅವನ ಹೋಟೆಲಿನಲ್ಲಿ ಯಾರೇ ಬಂದು ಕೂರಲಿ, ಏನು ಬೇಕೆಂದು ಕೇಳುವ ಮೊದಲು ತೊಳೆದ ಲೋಟದಲ್ಲಿ ನೀರು ಮುಂದಿರಬೇಕು. ಮಂಜುಶ್ರೀ ಈ ಕತೆ ಕೇಳಿಯೇ ಬೆಳೆದವಳು.

“ಕಾಫಿ ತಗೊಂಡ್ರೆ ಮಾತ್ರ ನೀರು ಅಂತ ಯಾವತ್ತಾದ್ರೂ ಅಂದಿದೀಯಾ?” ಎಂದು ಈಗ ತನ್ನದೇ ದನಿಯಲ್ಲಿ ಕೇಳಿದಳು. “ದೂರದಿಂದ ಬಂದಿರ್ತಾರೆ. ಮನೆಗೊಂದು ಸುದ್ದಿ ಮುಟ್ಟಿಸಬೇಕು ಅನ್ನೋದೂ ಬಾಯಾರಿಕೆನೇ ಅಲ್ವೇನಪ್ಪ?”

ಒಳಬಂದ ಆರು ಜನರ ಮುಂದೆ ಕಾಳಯ್ಯ ಆರು ಲೋಟ ನೀರಿಟ್ಟ. ಮಗಳ ಹೆಗಲಿನಿಂದ ಟವೆಲ್ಲು ಎಳೆದುಕೊಂಡು ಕೈ ಒರೆಸಿದ. ಹೋಗಿ ಸ್ವಿಚ್ಚು ಒತ್ತಿದ. ಬಸವ ಹಸಿರು ಕಣ್ಣು ಬಿಟ್ಟ.

ಒಬ್ಬಾತ ಲ್ಯಾಪ್‌ಟಾಪ್ ತೆರೆದು ಟಪಟಪ ಕುಟ್ಟಿ ಮುಚ್ಚಿ, ನೀರು ಕುಡಿದು, ಕ್ಯಾಮೆರಾ ಹೆಗಲಿಗೇರಿಸಿ ಕಾಫಿ ಕೇಳದೆಯೇ ದೇವಸ್ಥಾನದ ಕಡೆ ನಡೆದುಬಿಟ್ಟ. ಕಾಳಯ್ಯ ಅವನ ಬೆನ್ನನ್ನೇ ನೋಡಿದ. ಮಂಜುಶ್ರೀ ಸ್ವಿಚ್ಚಿಗೆ ಕೈ ಅಡ್ಡವಿಟ್ಟಳು.

“ಕೈ ತೆಗಿಯೇ,” ಎಂದ ಕಾಳಯ್ಯ. “ನೀರು ಕುಡ್ಕಂಡು ಹೋದೋರ್ನ ನಾನು ಕೂಗಿ ಕರ್ದವ್ನಲ್ಲ.”

ಉಳಿದ ಐವರೂ ತಮ್ಮ ತಮ್ಮ ಲ್ಯಾಪ್‌ಟಾಪಿನ ಪರದೆಯಿಂದ ಕಣ್ಣು ಕೀಳಲಿಲ್ಲ. ಹಾಲು ಉಕ್ಕಿ ಬಂತು. ಕಾಳಯ್ಯ ಇಳಿಸಿ ಕಾದ. ಕೊನೆಗೆ ಬಾಗಿಲಿನಿಂದ ಸ್ವಾಮಿಯ ಕೂಗು ಬಂತು:

“ಕಾಳಣ್ಣಾ, ಐದು ಕಾಫಿ ಅಂತೆ! ನಂದೂ ಸೇರ್ಸಿ ಆರು ಮಾಡು!”

ತಿಂಗಳು ಮುಗಿದ ದಿನ ಮಂಜುಶ್ರೀ ಎಂದಿನಂತೆ ಇಡ್ಲಿ ಪಾತ್ರೆ ಹೊತ್ತು ಬಂದಳು. ಹೋಟೆಲಿನ ಒಳಗೆ ಬೆಂಚು ಖಾಲಿಯಿರಲಿಲ್ಲ. ಅವಳು ಎಷ್ಟು ಸಲ ಅನುಕರಿಸಿದರೂ ಪೂರ್ತಿ ದಕ್ಕದ ಆ ಗೊಗ್ಗರು ದನಿ, ಕನ್ನಡ ಬಾರದ ಯಾರಿಗೋ ಕನ್ನಡದಲ್ಲೇ ಹೇಳುತ್ತಿತ್ತು:

“ಮೊದ್ಲು ನೀರು ಕುಡೀರಿ ಸಾಮೀ. ಬಸವನೂ ಎದ್ದವ್ನೆ. ಕಾಫಿ ಬೇಕಾದ್ರೆ ಆಮೇಲೆ ಹೇಳೀರಂತೆ.”